ಫಲಿತಾಂಶ ಮೊದಲೇ ಗೊತ್ತಿರುವ ನಗರಗಳು

ಅಧ್ಯಕ್ಷೀಯ ಚುನಾವಣೆಯಲ್ಲಿ ಅಮೆರಿಕದ ಮಹಾನಗರಗಳು ಯಾರ ಕಡೆಗಿವೆ ಎಂಬುದನ್ನು ತಿಳಿಯಲು ಮತ ಎಣಿಕೆಯವರೆಗೆ ಕಾಯಬೇಕಾಗಿಲ್ಲ. 2024ರಲ್ಲಿ ಡೊನಾಲ್ಡ್ ಟ್ರಂಪ್ 538 ಚುನಾಯಕ ಮತಗಳ ಪೈಕಿ 312 ಪಡೆದು ಗೆದ್ದರು. ಆದರೆ ಅವರು ಮರಳಿ ಪ್ರವೇಶಿಸಲಿದ್ದ ಶ್ವೇತಭವನ ಇರುವ ವಾಷಿಂಗ್ಟನ್ ನಗರದಲ್ಲಿ ಶೇ 90ರಷ್ಟು ಮತಗಳು ಕಮಲಾ ಹ್ಯಾರಿಸ್ ಅವರಿಗೆ ಬಿದ್ದಿದ್ದವು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರ ಪಾಲು ಶೇ 80ರಷ್ಟು. ನ್ಯೂಯಾರ್ಕಿನ ಮ್ಯಾನ್‌ಹಟನ್ ರಿಪಬ್ಲಿಕನ್ ಅಭ್ಯರ್ಥಿಗೆ ಕೊನೆಯ ಬಾರಿ ಒಲಿದದ್ದು 1924ರಲ್ಲಿ. ಕತ್ರಿಗುಪ್ಪೆಯಲ್ಲಿ ವಾಸಿಸುವ ನನ್ನಂಥವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ನಮ್ಮ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ್ದೂ ಅದೇ ಜಾತಕ. ಒಲಿದ ಪಕ್ಷದ ಬಣ್ಣ ಮಾತ್ರ ಬೇರೆ.

ಈ ನಗರ ಒಂದು ಕಾಲಕ್ಕೆ ಕಾಂಗ್ರೆಸ್ಸಿನದಾಗಿತ್ತು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು 1962, 1967 ಮತ್ತು 1971ರಲ್ಲಿ ಬೆಂಗಳೂರಿನಿಂದಲೇ ಲೋಕಸಭೆಗೆ ಹೋದರು. ತಿರುವು ಬಂದದ್ದು 1977ರಲ್ಲಿ. ತುರ್ತುಪರಿಸ್ಥಿತಿಯ ಬಳಿಕ ಉತ್ತರ ಭಾರತವು ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ದಕ್ಕಿದವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. 1973ರಲ್ಲಿ ಜ್ಯೇಷ್ಠತೆಯನ್ನು ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದಾಗ ರಾಜೀನಾಮೆ ಇತ್ತು ಸುಪ್ರೀಂ ಕೋರ್ಟಿನಿಂದ ಹೊರಬಂದ ಕೆ.ಎಸ್. ಹೆಗ್ಡೆಯವರನ್ನು ಕ್ಷೇತ್ರ ಆರಿಸಿ ಕಳುಹಿಸಿತು. 1980ರಲ್ಲಿ ಕಾಂಗ್ರೆಸ್ 27 ಸ್ಥಾನ ಗೆದ್ದಾಗ ಅದರ ಕೈತಪ್ಪಿದ ಏಕೈಕ ಸ್ಥಾನವೂ ಇದೇ. ಗೆದ್ದವರು ಜನತಾ ಪಕ್ಷದ ಟಿ.ಆರ್. ಶಾಮಣ್ಣ. 1984ರ ಅನುಕಂಪದ ಅಲೆಯಲ್ಲೂ ಅದೇ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್ ದಡ ಸೇರಿದರು. 1989ರಲ್ಲಿ ಆರ್. ಗುಂಡೂರಾಯರು ಗೆದ್ದದ್ದೊಂದೇ ಅಪವಾದ. 1991ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಕೆ. ವೆಂಕಟಗಿರಿಗೌಡರ ಮೂಲಕ ಕ್ಷೇತ್ರ ಬಿಜೆಪಿಗೆ ಬಂತು. (ಆ ಶಾಸ್ತ್ರವನ್ನು ಓದಿದ ನಮ್ಮಂಥವರಿಗೆ ಅಂದು ಆದ ಸಂತೋಷಕ್ಕೂ ಪಕ್ಷಕ್ಕೂ ಸಂಬಂಧವಿರಲಿಲ್ಲ.) ಅನಂತಕುಮಾರ್ 1996ರಿಂದ 2014ರವರೆಗೆ ಸತತ ಆರು ಬಾರಿ, ತೇಜಸ್ವಿ ಸೂರ್ಯ 2019 ಮತ್ತು 2024ರಲ್ಲಿ. ಒಟ್ಟು 13 ಚುನಾವಣೆಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಒಂದು.

ಅಮೆರಿಕದ ನಗರಗಳೂ ಹುಟ್ಟಿನಿಂದ ಡೆಮಾಕ್ರಟಿಕ್ ಅಲ್ಲ. 1920ರಲ್ಲಿ ಅಲ್ಲಿನ 12 ದೊಡ್ಡ ನಗರಗಳು ಒಟ್ಟಾಗಿ ರಿಪಬ್ಲಿಕನ್ನರಿಗೆ 16 ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆ ಕೊಟ್ಟಿದ್ದವು. 1928ರಲ್ಲಿ, ವಲಸಿಗರ ಕೇರಿಯಲ್ಲಿ ಬೆಳೆದ ಕ್ಯಾಥೊಲಿಕ್ ಅಲ್ ಸ್ಮಿತ್ ಡೆಮಾಕ್ರಟಿಕ್ ಅಭ್ಯರ್ಥಿಯಾದಾಗ ಆ ಮುನ್ನಡೆ ಕರಗಿ ಸುಮಾರು 38 ಸಾವಿರ ಮತಗಳಷ್ಟು ಈ ಕಡೆಗೆ ವಾಲಿತು. ಸ್ಮಿತ್ ಸೋತರು, ನಗರಗಳು ಮಾತ್ರ ಪಕ್ಷಕ್ಕೆ ಉಳಿದವು. ಲಾಸ್ ಏಂಜಲೀಸ್ ಕೌಂಟಿ 1980 ಮತ್ತು 1984ರಲ್ಲಿ ರೇಗನ್ ಅವರಿಗೆ ಒಲಿದಿತ್ತು ಎಂದರೆ ಇಂದಿನ ತರುಣರು ನಂಬಲಾರರು. ಈಚೆಗೂ ಅಲುಗಾಟವಿದೆ. ನ್ಯೂಯಾರ್ಕ್ ನಗರದಲ್ಲಿ 2020ರಲ್ಲಿ ಶೇ 76ರಷ್ಟಿದ್ದ ಡೆಮಾಕ್ರಟಿಕ್ ಪಾಲು 2024ರಲ್ಲಿ ಶೇ 68ಕ್ಕೆ ಇಳಿಯಿತು. ಮಯಾಮಿ-ಡೇಡ್ ಕೌಂಟಿ 1988ರ ನಂತರ ಮೊದಲ ಬಾರಿಗೆ ರಿಪಬ್ಲಿಕನ್ ಪಕ್ಷಕ್ಕೆ ಹೋಯಿತು.

ಹೀಗೆ ಒಂದೇ ಕಡೆ ರಾಶಿ ಬೀಳುವ ಮತಗಳ ಬೆಲೆ ಎಷ್ಟು? 2016ರಲ್ಲಿ ಫಿಲಡೆಲ್ಫಿಯಾ ನಗರವೊಂದೇ ಹಿಲರಿ ಕ್ಲಿಂಟನ್ ಅವರಿಗೆ 4.75 ಲಕ್ಷ ಮತಗಳ ಮುನ್ನಡೆ ಕೊಟ್ಟಿತು. ಪೆನ್ಸಿಲ್ವೇನಿಯಾ ರಾಜ್ಯವನ್ನು ಅವರು ಕಳೆದುಕೊಂಡದ್ದು ಸುಮಾರು 44 ಸಾವಿರ ಮತಗಳಿಂದ. ಅಲ್ಲಿ ನಗರದ ಮತ ರಾಜ್ಯದ ಲೆಕ್ಕಕ್ಕೆ ಸೇರುತ್ತದೆ. ಅಂದರೆ ನಗರದಲ್ಲಿ ಗೆಲುವು ಖಚಿತವಾಗಿದ್ದರೂ ಮನೆಯಲ್ಲೇ ಉಳಿದ ಪ್ರತಿಯೊಬ್ಬ ಬೆಂಬಲಿಗನೂ ಪಕ್ಷಕ್ಕೆ ನಷ್ಟವೇ. ಆದ್ದರಿಂದ ಫಿಲಡೆಲ್ಫಿಯಾ, ಡೆಟ್ರಾಯಿಟ್, ಮಿಲ್ವಾಕಿಗಳಲ್ಲಿ ಕಾರ್ಯಕರ್ತರು ಬಾಗಿಲು ತಟ್ಟುತ್ತಾರೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರು ದಕ್ಷಿಣದಲ್ಲಿ ಹೆಚ್ಚುವರಿಯಾಗಿ ಬಿದ್ದ ಒಂದು ಲಕ್ಷ ಮತ ಮಂಡ್ಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗೆಲ್ಲುವವರಿಗೆ ಅದು ಬೇಡ, ಸೋಲುವವರಿಗೆ ಅದು ಸಾಲದು. ಮತ ಹಾಕುವ ಶ್ರಮಕ್ಕೂ ಅದರಿಂದ ಬರುವ ಪ್ರತಿಫಲಕ್ಕೂ ತಾಳೆಯಿಲ್ಲವೆಂಬ ಒಗಟನ್ನು ಆಂತೊನಿ ಡೌನ್ಸ್ 1957ರಲ್ಲಿ ಮುಂದಿಟ್ಟರು. ಓದುವಾಗ ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು, ಈಗ ಬಡಾವಣೆಯ ವಾಸ್ತವ.

2024ರಲ್ಲಿ ರಾಜ್ಯದ ಮತದಾನ ಶೇ 70 ದಾಟಿದಾಗ ಬೆಂಗಳೂರು ದಕ್ಷಿಣದ್ದು ಶೇ 53.17. ಮಂಡ್ಯದ್ದು ಶೇ 81ಕ್ಕೂ ಮೇಲೆ. ಪ್ರತಿ ಬಾರಿಯೂ ಪತ್ರಿಕೆಗಳಲ್ಲಿ ನಗರದ ವಿದ್ಯಾವಂತರಿಗೆ ಛೀಮಾರಿ ಬೀಳುತ್ತದೆ: ರಜೆ ಸಿಕ್ಕಿದೊಡನೆ ಊರು ಬಿಡುವವರು ಎಂದು. ಸೇವೆಯಲ್ಲಿದ್ದಾಗ ಹಲವು ಚುನಾವಣೆಗಳ ಕೆಲಸ ಮಾಡಿದ ನನಗೆ ಈ ಬೈಗುಳ ಅರ್ಧ ಮಾತ್ರ ಸರಿ ಎನಿಸುತ್ತದೆ. ಬನಶಂಕರಿ ಮೂರನೇ ಹಂತದಂಥ ಬಡಾವಣೆಯಲ್ಲಿ ಬಾಡಿಗೆಯವರು ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುತ್ತಾರೆ. ಹೊಸ ವಿಳಾಸದಲ್ಲಿ ಹೆಸರು ಸೇರಿಸುವವರೂ ಹಳೆಯದನ್ನು ತೆಗೆಸಲು ಅರ್ಜಿ ಕೊಡುವುದಿಲ್ಲ. ತೀರಿಕೊಂಡವರ ಹೆಸರು ತೆಗೆಸಲು ಮನೆಯವರಿಗೆ ಮನಸ್ಸು ಬಾರದು. ಹೀಗಾಗಿ ಭಾಗಿಸುವ ಸಂಖ್ಯೆಯೇ ಉಬ್ಬಿರುತ್ತದೆ. ಅಮೆರಿಕದಲ್ಲಿ 2024ರ ಮತದಾನ ಶೇ 64ರಷ್ಟು ಎನ್ನುವಾಗ ಲೆಕ್ಕ ಹಿಡಿಯುವುದು ಮತದಾನಕ್ಕೆ ಅರ್ಹರಾದ ಪ್ರಜೆಗಳನ್ನು, ಪಟ್ಟಿಯಲ್ಲಿರುವ ಹೆಸರುಗಳನ್ನಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನಾಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಪೈಪೋಟಿಯಿಲ್ಲದ್ದರಿಂದಲೇ ಜನ ಬರುವುದಿಲ್ಲವೆಂದೂ ಹೇಳಲಾಗದು. 2024ರಲ್ಲಿ ಬೆಂಗಳೂರು ಕೇಂದ್ರದಲ್ಲಿ ಗೆಲುವಿನ ಅಂತರ 32 ಸಾವಿರ ಚಿಲ್ಲರೆ ಮಾತ್ರ. ಮತದಾನ ಅಲ್ಲೂ ಶೇ 54ರ ಆಸುಪಾಸಿನಲ್ಲೇ ನಿಂತಿತು.

ನಮ್ಮ ಮತದಾರರು ಕಣ್ಣುಮುಚ್ಚಿ ಒಂದೇ ಚಿಹ್ನೆ ಒತ್ತುವವರೂ ಅಲ್ಲ. ಬೆಂಗಳೂರು ದಕ್ಷಿಣಕ್ಕೆ ಸೇರಿದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ 2023ರಲ್ಲಿ ಬಿಜೆಪಿ ಐದನ್ನು, ಕಾಂಗ್ರೆಸ್ ಮೂರನ್ನು ಗೆದ್ದವು. ಜಯನಗರದಲ್ಲಿ ಮರುಎಣಿಕೆಯ ಬಳಿಕ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರನ್ನು ಸೋಲಿಸಿದ್ದು 16 ಮತಗಳಿಂದ. ಒಂದು ವರ್ಷ ಕಳೆಯುವ ಮೊದಲೇ ಅದೇ ಸೌಮ್ಯಾ ರೆಡ್ಡಿ ಲೋಕಸಭೆಗೆ ನಿಂತಾಗ ಅಂತರ 2,77,083. ಜಯನಗರದಲ್ಲಿ ಒಂದು ವಠಾರದ ಜನ ಫಲಿತಾಂಶವನ್ನು ಬದಲಿಸಬಹುದಿತ್ತು. ಮರುವರ್ಷ ಇಡೀ ಬಡಾವಣೆ ಎದ್ದು ಬಂದಿದ್ದರೂ ಏನೂ ಆಗುತ್ತಿರಲಿಲ್ಲ.

ಅಮೆರಿಕದ ನಗರವಾಸಿಗೆ ಇಂಥ ಸ್ಥಿತಿಯಲ್ಲೂ ಒಂದು ಬಾಗಿಲು ತೆರೆದಿರುತ್ತದೆ. ಪಕ್ಷದ ಗೆಲುವು ಖಚಿತವಿರುವ ಕಡೆ ನಿಜವಾದ ಸ್ಪರ್ಧೆ ನಡೆಯುವುದು ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ, ಮತ್ತು ಅಲ್ಲಿ ಮತ ಹಾಕುವವರು ಆ ಪಕ್ಷಕ್ಕೆ ಸೇರಿದ ಸಾಮಾನ್ಯ ಮತದಾರರೇ. 2018ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಮತ್ತು ಬ್ರಾಂಕ್ಸ್‌ ಭಾಗದಲ್ಲಿ ಹತ್ತು ಬಾರಿ ಗೆದ್ದಿದ್ದ ಜೋ ಕ್ರೌಲಿ ಅವರನ್ನು ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಸ್ ಸೋಲಿಸಿದ್ದು ಪ್ರೈಮರಿಯಲ್ಲೇ. 2025ರಲ್ಲಿ ಜೋಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಆಂಡ್ರ್ಯೂ ಕ್ಯುಮೊ ಅವರನ್ನು ಹಿಂದಿಕ್ಕಿ ಮೇಯರ್ ಅಭ್ಯರ್ಥಿಯಾದ ಪ್ರೈಮರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು.

ಇಲ್ಲಿ? ಅನಂತಕುಮಾರ್ ತೀರಿಕೊಂಡ ಮೇಲೆ 2019ರಲ್ಲಿ ಅವರ ಪತ್ನಿ ತೇಜಸ್ವಿನಿ ಅವರೇ ಅಭ್ಯರ್ಥಿಯೆಂದು ಕ್ಷೇತ್ರವೆಲ್ಲ ನಂಬಿತ್ತು. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ಹಿಂದಿನ ರಾತ್ರಿ ದೆಹಲಿಯಿಂದ ಬೇರೊಂದು ಹೆಸರು ಬಂತು. ಆಯ್ಕೆ ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ಅನಗತ್ಯ; ಮುಂದೆ ಮತದಾರರು ಅದನ್ನು ಭಾರಿ ಬಹುಮತದಿಂದ ಒಪ್ಪಿದರು. ಆದರೆ 20 ಲಕ್ಷಕ್ಕೂ ಮೀರಿದ ಮತದಾರರ ಪ್ರತಿನಿಧಿ ಯಾರೆಂಬುದು ಬಹುಪಾಲು ನಿರ್ಧಾರವಾದದ್ದು ಆ ರಾತ್ರಿ, ನಮ್ಮಲ್ಲಿ ಒಬ್ಬರನ್ನೂ ಕೇಳದೆ. ಕಾಂಗ್ರೆಸ್ಸಿನಲ್ಲೂ ಟಿಕೆಟ್ ಬರುವುದು ಹೈಕಮಾಂಡಿನಿಂದಲೇ.

ಇನ್ನು 16 ಮತಗಳು ನಿಜಕ್ಕೂ ಬೆಲೆ ಪಡೆಯುವ ಚುನಾವಣೆ ಪಾಲಿಕೆಯದು. ಬಿಬಿಎಂಪಿಗೆ ಕೊನೆಯದಾಗಿ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಅದರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವಾರ್ಡುಗಳು 198 ಇದ್ದದ್ದು 243 ಎಂದಾದವು, ಮತ್ತೆ 225ಕ್ಕೆ ಇಳಿದವು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಯಿತು. ಆ ಐದು ವರ್ಷಗಳಲ್ಲಿ ಆಡಳಿತಾಧಿಕಾರಿಗಳಾಗಿ ಬಂದವರು ನನ್ನ ವೃತ್ತಿಯವರೇ. ಅವರ ದಕ್ಷತೆಯ ಬಗ್ಗೆ ನನಗೆ ದೂರಿಲ್ಲ. ಆದರೆ ಕತ್ರಿಗುಪ್ಪೆಯ ಮುಖ್ಯರಸ್ತೆಯಲ್ಲಿ ಮಳೆನೀರು ನಿಂತಾಗ ಯಾರ ಮನೆಯ ಗೇಟು ತಟ್ಟಬೇಕೆಂದು ಕೇಳಿದ ನೆರೆಮನೆಯ ಹಿರಿಯರಿಗೆ, ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಕಡತ ನೋಡಿದ ನನ್ನಿಂದಲೂ ಒಂದು ಹೆಸರು ಹೇಳಲಾಗಲಿಲ್ಲ.