ಬಣ್ಣವಿಳಿದ ಲೋಕ: 'ಗ್ರಿಸ್' ಆಟದಲ್ಲಿ ಶೋಕದ ನಿರೂಪಣೆ

ಆಟವೆಂದರೆ ಸೋಲು ಗೆಲವುಗಳ ಲೆಕ್ಕವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದರಲ್ಲಿಯೂ ಜಗಲಿಯಿಂದ ಜಗಲಿಗೆ ಜಿಗಿಯುತ್ತ, ಗುರಿ ತಪ್ಪಿದರೆ ಬಿದ್ದು ಸತ್ತು, ಮತ್ತೆ ಹಿಂದಿನಿಂದ ತೊಡಗಬೇಕಾದ 'ಪ್ಲಾಟ್‌ಫಾರ್ಮ್' ಜಾತಿಯ ವಿಡಿಯೋ ಆಟಗಳಲ್ಲಿ ಕಲೆಯ ಮಾತನ್ನೆತ್ತುವುದೇ ವಿಪರೀತವೆಂದು ಕೆಲವರಿಗೆ ತೋರಬಹುದು. 2018ರ ಡಿಸೆಂಬರಿನಲ್ಲಿ ಹೊರಬಂದ 'ಗ್ರಿಸ್' ಎಂಬ ಕಿರಿಯ ಆಟವನ್ನು ನಾವು ಪರಿಶೀಲನೆಗೆ ಎತ್ತಿಕೊಂಡಿರುವುದು ಈ ಕಾರಣಕ್ಕಾಗಿಯೇ.

ಸ್ಪೇನ್ ದೇಶದ ಬಾರ್ಸಿಲೋನಾ ನಗರದ ನೊಮಾಡಾ ಸ್ಟುಡಿಯೋ ಎಂಬ ಸಣ್ಣ ತಂಡ ಇದನ್ನು ರಚಿಸಿತು. ಚಿತ್ರಕಲ್ಪನೆ ಕಾನ್ರಾಡ್ ರೊಸೆಟ್ ಎಂಬ ಕಲಾವಿದನದು. ಸಂಗೀತ ಬರ್ಲಿನಿಸ್ಟ್ ತಂಡದ್ದು. ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುವ ಈ ಕೃತಿಯಲ್ಲಿ ಸಂಭಾಷಣೆಯಿಲ್ಲ.

ಶಿಲಾಪ್ರತಿಮೆಯೊಂದರ ಅಂಗೈಯಲ್ಲಿ ಬಾಲೆಯೊಬ್ಬಳು ಹಾಡುತ್ತಿದ್ದಾಳೆ. ಕೊರಳು ಉಡುಗುತ್ತದೆ, ಕಲ್ಲಿನ ಕೈ ಬಿರಿಯುತ್ತದೆ, ಅವಳು ಬಣ್ಣವಿಲ್ಲದ ಬಯಲಿಗೆ ಬೀಳುತ್ತಾಳೆ. ಇಲ್ಲಿ ಆಟಗಾರನು ಅಭ್ಯಾಸಬಲದಿಂದ ಗುಂಡಿಯನ್ನೊತ್ತುತ್ತಾನೆ. ಅವಳು ಜಿಗಿಯುವುದಿಲ್ಲ, ಮೊಣಕಾಲೂರಿ ಕುಸಿಯುತ್ತಾಳೆ. ಈ ಒಂದು ಕ್ಷಣದಲ್ಲಿಯೇ ಆಟದ ಸತ್ತ್ವವೆಲ್ಲ ಅಡಗಿದೆಯೆಂದು ನಮ್ಮ ಅಭಿಪ್ರಾಯ. ನಾಟಕದಲ್ಲಿ ಪಾತ್ರದ ಕಣ್ಣೀರು, ಸ್ತಂಭ ಮೊದಲಾದವನ್ನು ಸಹೃದಯನು ಹೊರಗಿನಿಂದ ಕಾಣುತ್ತಾನೆ. ಇಲ್ಲಿಯಾದರೋ ನಿಷ್ಫಲವಾಗುವುದು ಅವನ ಕೈಯ ಪ್ರಯತ್ನವೇ. ಶೋಕವು ಮೊದಲು ಬೆರಳಿಗೆ ತಿಳಿದು, ಆಮೇಲೆ ಮನಸ್ಸಿಗೆ ತಿಳಿಯುತ್ತದೆ.

ಮುಂದೆ ಲೋಕಕ್ಕೆ ಬಣ್ಣಗಳು ಒಂದೊಂದಾಗಿ ಮರಳುತ್ತವೆ: ಕೆಂಪು, ಹಸುರು, ನೀಲಿ, ಹಳದಿ. ಕೆಂಪಿನೊಡನೆ ಬಿರುಗಾಳಿಯೆದ್ದು ಅವಳನ್ನು ಹಿಂದಕ್ಕೆ ನೂಕುತ್ತದೆ. ಆಗ ಅವಳ ಉಡುಪು ಭಾರವಾದ ಕಲ್ಲಿನ ದಿಮ್ಮಿಯಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ದುಃಖದ ಭಾರವೇ ನಿಲ್ಲುವ ಬಲವೂ ಆಗುವ ಈ ಕಲ್ಪನೆ ಮನೋಹರವಾದುದು. ಕರಿಯ ಹಕ್ಕಿ, ಕರಿಯ ಹಾವುಮೀನು ಅವಳ ಮೇಲೆರಗುತ್ತವೆ. ಆದರೂ ಈ ಆಟದಲ್ಲಿ ಸಾವೆಂಬುದಿಲ್ಲ. ಸುಲಭವಾಯಿತೆಂದು ದೂರುವವರುಂಟು. ಸಾವೊಂದು ತಪ್ಪೆಣಿಕೆಯ ದಂಡವಾಗಿದ್ದರೆ, ಅಗಲಿಕೆಯನ್ನೇ ವಸ್ತುವಾಗಿ ಉಳ್ಳ ಕೃತಿಯಲ್ಲಿ ಅದು ಹಗುರವಾಗಿ ಬಿಡುತ್ತಿತ್ತು.

'ಗ್ರಿಸ್' ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಬೂದುಬಣ್ಣ. ನಾಟ್ಯಶಾಸ್ತ್ರವು ಕರುಣಕ್ಕೆ ಕಪೋತವರ್ಣವನ್ನೂ, ರೌದ್ರಕ್ಕೆ ಕೆಂಪನ್ನೂ ಹೇಳಿರುವುದು ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗದಿರದು. ಬಾರ್ಸಿಲೋನಾದವರು ಭರತನನ್ನು ಓದಿದ್ದರೆಂದು ನಾವು ಹೇಳುತ್ತಿಲ್ಲ. ಉಳಿದ ಬಣ್ಣಗಳು ಹೊಂದಿಕೊಳ್ಳುವುದೂ ಇಲ್ಲ.

ಒಂದು ಆಕ್ಷೇಪವನ್ನು ಹೇಳಲೇಬೇಕು. ಆಟದ ಸಾಧನೆಗಳ ಪಟ್ಟಿಯಲ್ಲಿ ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಸ್ವೀಕಾರ ಎಂಬ ಐದು ಹೆಸರುಗಳು ಕಾಣುತ್ತವೆ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರ ಗ್ರಂಥದಲ್ಲಿ ಈ ಘಟ್ಟಗಳನ್ನು ವಿವರಿಸಿದುದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳನ್ನು ಕುರಿತು. ಅಗಲಿದವರಿಗಾಗಿ ಅಳುವವರಿಗೆ ಅವು ಅನ್ವಯವಾದದ್ದು ಅನಂತರ. ಚಿತ್ರವೂ ಚಲನೆಯೂ ಇಷ್ಟು ಸಮರ್ಥವಾಗಿ ನುಡಿಯುತ್ತಿರುವಲ್ಲಿ ಈ ಹಣೆಪಟ್ಟಿ ಅನಾವಶ್ಯಕ.

ಕೊನೆಯ ಭಾಗದಲ್ಲಿ ಅವಳ ಕೊರಳು ಮರಳುತ್ತದೆ. ಗುಂಡಿಯೊತ್ತಿದರೆ ಹಾಡುತ್ತಾಳೆ, ಸುತ್ತಲ ಹೂಗಳು ಅರಳುತ್ತವೆ. ಮೊದಲ ಬಯಲಿನಲ್ಲಿ ಅವಳು ಕುಸಿದುದನ್ನು ಕಂಡಿದ್ದ ಆಟಗಾರನು, ಇಲ್ಲಿ ಹಾಡಿನ ಅಗತ್ಯವಿಲ್ಲದ ಕಡೆಯೂ ಗುಂಡಿಯನ್ನು ಒತ್ತುತ್ತಲೇ ಇರುತ್ತಾನೆ.