ಕುಕ್ಕರ್‌ನಲ್ಲಿ ಕೋಳಿ ಮೂಳೆ ಸೂಪು: ಏನು ಸಿಗುತ್ತೆ, ಏನು ಸಿಗಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮನೆಯಲ್ಲಿ ಯಾರಾದ್ರೂ ಬಿದ್ದು ಕೈಯೋ ಕಾಲೋ ಮುರಿದುಕೊಂಡ್ರೆ, ಜ್ವರ ಬಂದು ಸುಸ್ತಾಗಿ ಮಲಗಿದ್ರೆ, ನೋಡೋಕೆ ಬಂದವರು ಹೇಳೋ ಮೊದಲ ಮಾತು ಯಾವುದು? 'ಸೂಪು ಮಾಡಿ ಕುಡಿಸಿ, ಬೇಗ ಶಕ್ತಿ ಬರುತ್ತೆ.' ಕೆಲವರು ಮೇಕೆ ಕಾಲಿನ ಸೂಪು ಅಂತಾರೆ, ಕೆಲವರು ನಾಟಿ ಕೋಳಿದೇ ಆಗ್ಬೇಕು ಅಂತಾರೆ. ಈಗ ಅದೇ ಸೂಪಿಗೆ 'ಬೋನ್ ಬ್ರಾತ್' ಅನ್ನೋ ಹೊಸ ಹೆಸರು ಬಂದಿದೆ. ಪುಡಿಯಾಗಿ, ಪ್ಯಾಕೆಟ್‌ಗಳಲ್ಲಿ ದುಬಾರಿ ಬೆಲೆಗೆ ಮಾರಾಟವೂ ಆಗ್ತಿದೆ.

ಇವತ್ತಿನ ಸಂಚಿಕೆಯಲ್ಲಿ ಮೂರು ಪ್ರಶ್ನೆಗಳಿವೆ. ಪ್ರೆಷರ್ ಕುಕ್ಕರ್ ಒಳಗೆ ಕೋಳಿ ಮೂಳೆಗೆ ಏನಾಗುತ್ತೆ? ಸೂಪನ್ನು ಸರಿಯಾಗಿ ಮಾಡೋದು ಹೇಗೆ? ಕುಡಿದವರಿಗೆ ನಿಜಕ್ಕೂ ಸಿಗೋದೇನು? ಈ ಮೂರನೇ ಪ್ರಶ್ನೆಯೇ ಮುಖ್ಯ. ಯಾಕಂದ್ರೆ ಎಷ್ಟೋ ಮನೆಗಳಲ್ಲಿ ಕಾಯಿಲೆಯವರಿಗೆ ಸೂಪನ್ನು ಮಾತ್ರ ಬಸಿದು ಕೊಟ್ಟು, ಬೆಂದ ಮಾಂಸವನ್ನು 'ಅರಗಲ್ಲ' ಅಂತ ಪಕ್ಕಕ್ಕೆ ಎತ್ತಿಡ್ತಾರೆ. ಸಾರವೆಲ್ಲ ನೀರಿಗೆ ಇಳಿದಿದೆ ಅನ್ನೋ ನಂಬಿಕೆ ಅದು. ಅದು ಎಷ್ಟು ಸರಿ ಅಂತ ನೋಡೋಣ.

ಮೂಳೆಗಾಗಿಯೇ ಹುಟ್ಟಿದ ಪಾತ್ರೆ

ಕುಕ್ಕರ್ ಅಂದ್ರೆ ನಮಗೆ ಅನ್ನ, ಬೇಳೆ ನೆನಪಾಗುತ್ತೆ. ಆದ್ರೆ ಅದು ಹುಟ್ಟಿದ್ದು ಮೂಳೆ ಬೇಯಿಸೋದಕ್ಕೆ. ಫ್ರಾನ್ಸ್ ಮೂಲದ ವಿಜ್ಞಾನಿ ಡೆನಿಸ್ ಪ್ಯಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಪಾತ್ರೆ ತೋರಿಸಿದ. ಮುಚ್ಚಳ ಬಿಗಿಯಾಗಿ ಕೂರುವ, ಹಬೆ ಹೊರಗೆ ಹೋಗದ ಪಾತ್ರೆ. ಅದಕ್ಕೆ 'ಡೈಜೆಸ್ಟರ್' ಅಂತ ಹೆಸರಿಟ್ಟ. 1681ರಲ್ಲಿ ಅದರ ಬಗ್ಗೆ ಒಂದು ಪುಸ್ತಕ ಬರೆದಾಗ, ಇದು ಮೂಳೆಗಳನ್ನು ಮೆತ್ತಗೆ ಮಾಡುವ ಯಂತ್ರ ಅಂತ ಶೀರ್ಷಿಕೆಯಲ್ಲೇ ಹೇಳಿದ. ಒತ್ತಡ ಮಿತಿ ಮೀರಿದ್ರೆ ಹಬೆ ತಾನಾಗಿ ಹೊರಹೋಗೋ ಹಾಗೆ ಸೇಫ್ಟಿ ವಾಲ್ವ್ ಸೇರಿಸಿದವನೂ ಅವನೇ.

1682ರ ಏಪ್ರಿಲ್‌ನಲ್ಲಿ ಸೊಸೈಟಿಯ ಸದಸ್ಯರಿಗೆ ಆ ಪಾತ್ರೆಯಲ್ಲೇ ಮಾಡಿದ ಅಡುಗೆಯ ಊಟ ಬಡಿಸಲಾಯಿತು. ಊಟಕ್ಕೆ ಹೋಗಿದ್ದ ಜಾನ್ ಎವೆಲಿನ್ ಅನ್ನೋ ಲೇಖಕ, ಗಟ್ಟಿ ಮೂಳೆಗಳೂ ಮೆತ್ತಗಾಗಿದ್ದನ್ನು, ಮೂಳೆಯಿಂದ ಜೆಲ್ಲಿ ತೆಗೆದಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಂದ್ರೆ ಬಿಸಾಡೋ ಮೂಳೆಯಿಂದ ಆಹಾರ ತೆಗೀಬಹುದಾ ಅನ್ನೋ ಪ್ರಶ್ನೆಗೆ ಮುನ್ನೂರೈವತ್ತು ವರ್ಷಗಳಷ್ಟು ವಯಸ್ಸಾಗ್ತಾ ಬಂತು.

ಒಳಗೆ ನಡೆಯೋದೇನು?

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗಿಂತ ಹೆಚ್ಚು ಬಿಸಿ ಆಗಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಂತೂ 97 ಡಿಗ್ರಿ ಹತ್ತಿರವೇ ಕುದಿ ಬರುತ್ತೆ. ಮುಚ್ಚಿದ ಕುಕ್ಕರ್‌ನಲ್ಲಿ ಒತ್ತಡ ಏರೋದ್ರಿಂದ ನೀರಿನ ಬಿಸಿ 120 ಡಿಗ್ರಿ ಹತ್ತಿರಕ್ಕೆ ಹೋಗುತ್ತೆ. ಈ ಇಪ್ಪತ್ತು ಡಿಗ್ರಿಯಲ್ಲೇ ಎಲ್ಲಾ ಇರೋದು.

ಮೂಳೆ, ಮೃದ್ವಸ್ಥಿ, ಚರ್ಮ, ಕೀಲಿನ ಸುತ್ತಲಿನ ನರದಂಥ ಭಾಗ, ಇವುಗಳಲ್ಲಿ ಕೊಲಾಜನ್ ಅನ್ನೋ ಪ್ರೋಟೀನ್ ಇದೆ. ಹಗ್ಗ ಹೊಸೆದ ಹಾಗೆ ಮೂರು ಎಳೆ ಒಂದಕ್ಕೊಂದು ಸುತ್ತಿಕೊಂಡಿರುತ್ತೆ. ಬಿಸಿ ನೀರಿನಲ್ಲಿ ಹೊತ್ತು ಕಳೆದಂತೆ ಆ ಹಗ್ಗ ಬಿಚ್ಚಿಕೊಳ್ಳುತ್ತೆ. ಬಿಚ್ಚಿಕೊಂಡು ನೀರಿಗೆ ಬಂದಿದ್ದೇ ಜೆಲಟಿನ್. ಬಿಸಿ ಹೆಚ್ಚಿದಷ್ಟೂ ಈ ಕೆಲಸ ಬೇಗ ಆಗುತ್ತೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಐದಾರು ಗಂಟೆ ಹಿಡಿಯೋದು ಕುಕ್ಕರ್‌ನಲ್ಲಿ ಸುಮಾರು ಒಂದು ಗಂಟೆಗೆ ಮುಗಿಯುತ್ತೆ. ಗ್ಯಾಸೂ ಉಳಿಯುತ್ತೆ.

ಸೂಪು ಚೆನ್ನಾಗಿ ಬಂದಿದ್ಯಾ ಅಂತ ನೋಡೋದು ಸುಲಭ. ಫ್ರಿಜ್‌ನಲ್ಲಿ ಇಟ್ಟು ಮರುದಿನ ತೆಗೆದಾಗ ಅಲುಗಾಡೋ ಜೆಲ್ಲಿ ಆಗಿದ್ರೆ ಜೆಲಟಿನ್ ಚೆನ್ನಾಗಿ ಇಳಿದಿದೆ ಅಂತರ್ಥ. ಕೆಟ್ಟುಹೋಗಿದೆ ಅಂತ ಚೆಲ್ಲಬೇಡಿ, ಬಿಸಿ ಮಾಡಿದ್ರೆ ಮತ್ತೆ ನೀರಾಗುತ್ತೆ. ನೀರಾಗೇ ಉಳಿದಿದ್ರೆ ನೀರು ಹೆಚ್ಚಾಗಿದೆ, ಇಲ್ಲಾ ಕೊಲಾಜನ್ ಇರೋ ಭಾಗಗಳು ಕಡಿಮೆ ಬಿದ್ದಿವೆ.

ಯಾವ ಮೂಳೆ ತರಬೇಕು?

ಎದೆ ಮಾಂಸದ ತುಂಡುಗಳಿಂದ ಒಳ್ಳೇ ಸೂಪು ಬರಲ್ಲ. ಬೇಕಿರೋದು ಕತ್ತು, ಬೆನ್ನಿನ ಮೂಳೆ, ರೆಕ್ಕೆಯ ತುದಿ, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ಕೋಳಿ ಪಾದ. ಪಾದದಲ್ಲಿ ಮಾಂಸ ಅನ್ನೋದೇ ಇಲ್ಲ. ಚರ್ಮ, ಮೃದ್ವಸ್ಥಿ, ಕೀಲುಗಳೇ ತುಂಬಿರುತ್ತೆ. ನಾಲ್ಕು ಪಾದ ಸೇರಿಸಿದ್ರೆ ಸಾಕು, ಸೂಪಿನ ಹದವೇ ಬದಲಾಗುತ್ತೆ. ಅಂಗಡಿಯಲ್ಲಿ ಬೋನ್‌ಲೆಸ್ ಮಾಡಿಸಿದಾಗ ಮೂಳೆಯನ್ನು ಅಲ್ಲೇ ಬಿಟ್ಟು ಬರಬೇಡಿ. ಅದಕ್ಕೂ ಸೇರಿಸಿಯೇ ದುಡ್ಡು ಕೊಟ್ಟಿರ್ತೀರಿ, ಕೇಳಿ ತಗೊಳ್ಳಿ.

ನಾಟಿ ಕೋಳಿನಾ, ಫಾರಂ ಕೋಳಿನಾ? ಬ್ರಾಯ್ಲರ್ ಕೋಳಿ ಆರು ವಾರದ ಆಸುಪಾಸಿನಲ್ಲೇ ಮಾರಾಟಕ್ಕೆ ಬರುತ್ತೆ, ಅದರ ಮೂಳೆ ಎಳೇದು. ನಾಟಿ ಕೋಳಿ ತಿಂಗಳುಗಟ್ಟಲೆ ಓಡಾಡಿ ಬೆಳೆದಿರುತ್ತೆ. ಅದರ ಕೊಲಾಜನ್ ಹೆಚ್ಚು ಬಿಗಿ, ರುಚಿಯೂ ಗಾಢ. ಹಾಗಾಗಿ ನಾಟಿ ಕೋಳಿಗೆ ಹೊತ್ತು ಹೆಚ್ಚು ಬೇಕು. ಸಿಕ್ಕಿದ್ರೆ ಒಳ್ಳೇದು, ಸಿಗದಿದ್ರೆ ಸೂಪು ಮಾಡೋದನ್ನೇ ಬಿಡಬೇಕಿಲ್ಲ.

ಮಾಡೋ ವಿಧಾನ

5 ಲೀಟರ್ ಕುಕ್ಕರ್‌ಗೆ ಮುಕ್ಕಾಲು ಕೆ.ಜಿ. ಮೂಳೆ, ಒಂದೂವರೆ ಲೀಟರ್ ನೀರು ಅಂತ ಲೆಕ್ಕ ಇಟ್ಕೊಳ್ಳಿ. 3 ಲೀಟರ್ ಕುಕ್ಕರ್ ಆದ್ರೆ ಇದರ ಅರ್ಧ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ಸೂಪಿನಲ್ಲಿ ನೊರೆ ಏಳುತ್ತೆ. ಅದು ಹಬೆ ಹೋಗೋ ಕೊಳವೆಗೆ ಅಡ್ಡ ಕೂತ್ರೆ ಒತ್ತಡ ಹೊರಹೋಗೋಕೆ ದಾರಿ ಇರಲ್ಲ.

ಮೊದಲ ಹಂತ, ನೊರೆ ತೆಗೆಯೋದು. ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆದ್ರೆ ನೀರು ಸಿಡಿದು, ಅದರಲ್ಲಿರೋ ಬ್ಯಾಕ್ಟೀರಿಯಾ ಸಿಂಕು, ಪಕ್ಕದ ಪಾತ್ರೆ, ಕತ್ತರಿಸಿಟ್ಟ ತರಕಾರಿವರೆಗೂ ಹರಡುತ್ತೆ. ಅದರ ಬದಲು ಮೂಳೆ ಮುಳುಗುವಷ್ಟು ತಣ್ಣೀರು ಹಾಕಿ, ಚಿಟಿಕೆ ಅರಿಶಿನ ಸೇರಿಸಿ, ಮುಚ್ಚಳ ಹಾಕದೆ ಐದು ನಿಮಿಷ ಕುದಿಸಿ. ಬೂದು ಬಣ್ಣದ ನೊರೆ ಏಳುತ್ತೆ. ಆ ನೀರನ್ನು ಮೆಲ್ಲಗೆ ಚೆಲ್ಲಿಬಿಡಿ. ಪಾದದ ಮೇಲಿನ ಹಳದಿ ಸಿಪ್ಪೆಯೂ ಈಗ ಸುಲಭವಾಗಿ ಸುಲಿಯುತ್ತೆ, ಉಗುರು ಕತ್ತರಿಸಿ ತೆಗೀರಿ.

ಎರಡನೇ ಹಂತ, ಮಸಾಲೆ. ಒಂದೂವರೆ ಲೀಟರ್ ಹೊಸ ನೀರು, ಜಜ್ಜಿದ ಶುಂಠಿ ಒಂದು ತುಂಡು, ಆರೇಳು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಸಾಂಬಾರ್ ಈರುಳ್ಳಿ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಕೊತ್ತಂಬರಿ ಸೊಪ್ಪಿನ ಕಡ್ಡಿ. ಉಪ್ಪು ಈಗ ಬೇಡ. ಬಡಿಸುವಾಗ ಹಾಕಿದ್ರೆ ಯಾರಿಗೆ ಎಷ್ಟು ಬೇಕೋ ಅಷ್ಟು ಹಾಕಬಹುದು. ಮನೆಯಲ್ಲಿ ಬಿಪಿ ಇರೋರು ಇದ್ರೆ ಇದು ಬಹಳ ಮುಖ್ಯ.

ಮೂರನೇ ಹಂತ, ಹೊತ್ತು. ಮುಚ್ಚಳ ಹಾಕೋ ಮುಂಚೆ ಹಬೆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಆ ಕಡೆ ಕಾಣಬೇಕು. ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ರೆ ಬದಲಾಯಿಸಿ. ದೊಡ್ಡ ಉರಿಯಲ್ಲಿ ಮೊದಲ ವಿಷಲ್ ಬಂದ ತಕ್ಷಣ ಉರಿ ಸಣ್ಣ ಮಾಡಿ. ಅಲ್ಲಿಂದ ಫಾರಂ ಕೋಳಿಗೆ ಒಂದು ಗಂಟೆ, ನಾಟಿ ಕೋಳಿಗೆ ಒಂದೂವರೆ ಗಂಟೆ. ವಿಷಲ್ ಎಣಿಸಬೇಡಿ, ಗಡಿಯಾರ ನೋಡಿ. ಒಬ್ಬರ ಮನೆಯ ಹತ್ತು ವಿಷಲ್, ಇನ್ನೊಬ್ಬರ ಮನೆಯ ಹತ್ತು ವಿಷಲ್ ಒಂದೇ ಅಲ್ಲ. ಪದೇ ಪದೇ ಕೂಗ್ತಿದ್ರೆ ಉರಿ ಹೆಚ್ಚಿದೆ, ನೀರು ಆವಿಯಾಗಿ ಹೋಗ್ತಿದೆ ಅಂತರ್ಥ.

ನಾಲ್ಕನೇ ಹಂತ, ಕಾಯೋದು. ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಇಪ್ಪತ್ತು ನಿಮಿಷ ಹಿಡಿಯಬಹುದು. ಚಮಚದಿಂದ ವೆಯ್ಟ್ ಎತ್ತಿ ಹಬೆ ಬಿಟ್ರೆ ಒಳಗಿನ ಸೂಪು ಒಮ್ಮೆಲೇ ಉಕ್ಕಿ ಕುದಿಯುತ್ತೆ, ಬಿಸಿ ದ್ರವ ಕೊಳವೆಯಿಂದ ಚಿಮ್ಮಿ ಕೈ ಸುಡಬಹುದು. ಜೊತೆಗೆ ಕೊಬ್ಬು ನೀರಲ್ಲಿ ಬೆರೆತು ಸೂಪು ಕಲಕಿದ ಹಾಗೆ ಬೆಳ್ಳಗಾಗುತ್ತೆ. ತಾಳ್ಮೆಯಿಂದ ಕಾದ್ರೆ ತಿಳಿಯಾಗಿ ಬರುತ್ತೆ. ಆಮೇಲೆ ಜರಡಿಯಲ್ಲಿ ಬಸಿಯಿರಿ.

ಮೂಳೆ ಬೇರೆ ಸಿಗದೆ ಇಡೀ ಕೋಳಿ ತಂದಿದ್ರೆ? ಹಾಗಾದ್ರೆ ಮೊದಲು ಹದಿನೈದು ನಿಮಿಷ ಬೇಯಿಸಿ, ಒತ್ತಡ ಇಳಿದ ಮೇಲೆ ಮಾಂಸ ಬಿಡಿಸಿ ಎತ್ತಿಡಿ. ಮೂಳೆಯನ್ನು ಅದೇ ನೀರಿಗೆ ವಾಪಸ್ ಹಾಕಿ ಉಳಿದ ಹೊತ್ತು ಬೇಯಿಸಿ. ಮಾಂಸ ನಾರಾಗಲ್ಲ, ಸೂಪೂ ಸೊರಗಲ್ಲ.

ಕ್ಯಾಲ್ಸಿಯಂ ಸಿಗುತ್ತಾ?

ಈಗ ಮುಖ್ಯ ಪ್ರಶ್ನೆ. ಮೂಳೆ ಸೂಪು ಕುಡಿದ್ರೆ ಮೂಳೆ ಕೂಡುತ್ತಾ? ಮೂಳೆಯ ಗಟ್ಟಿತನ ಬರೋದು ಕ್ಯಾಲ್ಸಿಯಂ ಫಾಸ್ಫೇಟ್ ಖನಿಜದಿಂದ. ಅದು ನೀರಿನಲ್ಲಿ ಕರಗೋದು ತೀರಾ ಕಡಿಮೆ. ಒಂದು ಗಂಟೆ ಬೆಂದ ಮೇಲೆ ಕೋಳಿ ಮೂಳೆ ಬೆರಳಲ್ಲಿ ಒತ್ತಿದ್ರೆ ಪುಡಿಯಾಗುತ್ತಲ್ಲ, ಅದನ್ನು ನೋಡಿ ಕ್ಯಾಲ್ಸಿಯಂ ಎಲ್ಲಾ ನೀರಿಗೆ ಹೋಯ್ತು ಅನ್ಕೊಳ್ತೀವಿ. ಹೋಗಿದ್ದು ಕೊಲಾಜನ್. ಕ್ಯಾಲ್ಸಿಯಂ ಆ ಪುಡಿಯಲ್ಲೇ ಉಳಿದಿರುತ್ತೆ, ನಾವು ಅದನ್ನೇ ಬಸಿದು ಬಿಸಾಡ್ತೀವಿ. ವಿನೆಗರ್ ಹಾಕಿದ್ರೆ ಸ್ವಲ್ಪ ಹೆಚ್ಚು ಇಳಿಯಬಹುದು, ಆದ್ರೆ ಒಂದೆರಡು ಚಮಚದಿಂದ ದೊಡ್ಡ ವ್ಯತ್ಯಾಸ ಆಗಲ್ಲ.

ಲೆಕ್ಕ ಹೇಳ್ತೀನಿ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ 250 ಮಿಲಿಗ್ರಾಂ ಆಸುಪಾಸು. ಅಷ್ಟೇ ಸೂಪಿನಲ್ಲಿ ಅದರ ಹತ್ತರಲ್ಲಿ ಒಂದು ಪಾಲು ಸಿಗೋದೂ ಕಷ್ಟ. ಮೂಳೆ ಮುರಿದವರಿಗೆ ಸೂಪಿನ ಜೊತೆ ರಾಗಿ ಮುದ್ದೆ ಕೊಟ್ರೆ, ಕ್ಯಾಲ್ಸಿಯಂ ಬರೋದು ಮುದ್ದೆಯಿಂದ.

ಇನ್ನು ಪ್ರೋಟೀನ್. ಸೂಪಿನಲ್ಲಿ ಜೆಲಟಿನ್ ಇದೆ, ಜೆಲಟಿನ್ ಪ್ರೋಟೀನೇ ಹೌದು, ಆದ್ರೆ ಅದು ಅರೆಬರೆ ಪ್ರೋಟೀನ್. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಟ್ರಿಪ್ಟೊಫಾನ್ ಅನ್ನೋ ಅಮೈನೊ ಆಮ್ಲ ಅದರಲ್ಲಿಲ್ಲ. ಇದರ ಪಾಠವನ್ನು ಫ್ರಾನ್ಸ್ ಹಿಂದೆಯೇ ಕಲಿತಿತ್ತು. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನ ಆಸ್ಪತ್ರೆಗಳಲ್ಲಿ, ಬಡವರಿಗೆ ಊಟ ಕೊಡೋ ಕಡೆಗಳಲ್ಲಿ ಮೂಳೆಯಿಂದ ತೆಗೆದ ಜೆಲಟಿನ್ ಸೂಪು ಹಂಚ್ತಿದ್ರು. ಮಾಂಸಕ್ಕಿಂತ ಅಗ್ಗ, ಪೌಷ್ಟಿಕವೂ ಹೌದು ಅಂತ ಅದನ್ನು ತಂದವರ ವಾದ. ಅದನ್ನು ಪರೀಕ್ಷಿಸೋಕೆ ಅಲ್ಲಿನ ವಿಜ್ಞಾನ ಅಕಾಡೆಮಿ ಒಂದು ಸಮಿತಿ ಮಾಡಿತು. ಫ್ರಾಂಸ್ವಾ ಮ್ಯಾಜೆಂಡಿ ನೇತೃತ್ವದ ಆ ಸಮಿತಿ 1841ರಲ್ಲಿ ವರದಿ ಕೊಟ್ಟಿತು. ಬರೀ ಜೆಲಟಿನ್ ತಿಂದ ನಾಯಿಗಳು ಬದುಕಿ ಉಳಿಯಲಿಲ್ಲ ಅನ್ನೋದು ಅದರ ಸಾರ.

ಹಾಗಂತ ಸೂಪು ದಂಡ ಅಂತ ಅಲ್ಲ. ಬಾಯಿ ಕೆಟ್ಟವರಿಗೆ ರುಚಿ ಹುಟ್ಟಿಸುತ್ತೆ, ನೀರಿನಂಶ ಕೊಡುತ್ತೆ, ಬಿಸಿ ಹಬೆಗೆ ಕಟ್ಟಿದ ಮೂಗು ಬಿಡುತ್ತೆ. ಊಟ ಬೇಡ ಅನ್ನೋರು ಸೂಪು ಕುಡಿದು ಎರಡು ತುತ್ತು ಹೆಚ್ಚು ತಿಂದ್ರೆ ಅದೇ ದೊಡ್ಡ ಲಾಭ. ಆದ್ರೆ ಆ ಎರಡು ತುತ್ತು ತಟ್ಟೆಯಲ್ಲಿ ಇರಬೇಕು. 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನ್, 55 ಕೆ.ಜಿ. ತೂಕದ ಹೆಂಗಸಿಗೆ 46 ಗ್ರಾಂ ಬೇಕು ಅನ್ನುತ್ತೆ ಅದೇ ಶಿಫಾರಸು. ಇದು ಆರೋಗ್ಯವಂತರ ಲೆಕ್ಕ. ಗಾಯ ಮಾಯಬೇಕಾದವರಿಗೆ, ಎದೆಹಾಲು ಕೊಡೋ ಬಾಣಂತಿಗೆ ಇನ್ನೂ ಹೆಚ್ಚು ಬೇಕು. ಅದು ಸಿಗೋದು ಮಾಂಸದಲ್ಲಿ, ಮೊಟ್ಟೆಯಲ್ಲಿ, ಬೇಳೆಯಲ್ಲಿ, ಹಾಲು-ಮೊಸರಲ್ಲಿ. ಅಗಿಯೋಕೆ ಆಗದ ಅಜ್ಜಿಗೆ ಬೆಂದ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ, ಮೆತ್ತಗಿನ ಅನ್ನದ ಜೊತೆ ಸೂಪಿನಲ್ಲಿ ಕಲಸಿ ಕೊಡಿ. ಒಂದು ಮೊಟ್ಟೆ ಒಡೆದು ಕುದಿಯೋ ಸೂಪಿಗೆ ಕದಡಿದ್ರೂ ಆಯ್ತು, ಆರು ಗ್ರಾಂ ಒಳ್ಳೇ ಪ್ರೋಟೀನ್ ಸೇರಿತು.

ಯಾರಿಗೆ ಎಚ್ಚರ?

ಮೂತ್ರಪಿಂಡದ ತೊಂದರೆ ಇರೋರು, ಯೂರಿಕ್ ಆಸಿಡ್ ಹೆಚ್ಚಿರೋರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ವಾಂತಿ-ಭೇದಿ ಆಗ್ತಿರೋರಿಗೆ ಓಆರ್‌ಎಸ್ ಬದಲಿಗೆ ಸೂಪು ಕೊಡಬಾರದು. ಹೃದಯದ ಕಾಯಿಲೆ ಇರೋರಿಗಾದ್ರೆ ಫ್ರಿಜ್‌ನಲ್ಲಿಟ್ಟಾಗ ಮೇಲೆ ಗಟ್ಟಿಯಾಗೋ ಕೊಬ್ಬಿನ ಪದರ ತೆಗೆದು ಕೊಡಿ.

ಉಳಿದ ಸೂಪು ಏನು ಮಾಡೋದು?

ರಾತ್ರಿ ಮಾಡಿದ ಸೂಪನ್ನು ಒಲೆ ಮೇಲೇ ಬಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಕೊಡೋ ಅಭ್ಯಾಸ ಬಿಡಿ. ಉಗುರುಬೆಚ್ಚಗಿನ ಮಾಂಸದ ಸೂಪು ಬ್ಯಾಕ್ಟೀರಿಯಾ ಬೆಳೆಯೋಕೆ ಹೇಳಿ ಮಾಡಿಸಿದ ಜಾಗ. ಮುಚ್ಚಳ ತೆಗೆದ ಮೇಲೆ ಸೌಟಿನಿಂದ, ಗಾಳಿಯಿಂದ ಅವು ಸೇರಿಕೊಳ್ಳುತ್ತವೆ. ಕೆಲವು ಬಿಡೋ ವಿಷ ಮತ್ತೆ ಕುದಿಸಿದ್ರೂ ಹೋಗಲ್ಲ. ಕಾಯಿಲೆಯಿಂದ ಎದ್ದವರಿಗೆ ಇದು ಇನ್ನೂ ಅಪಾಯ.

ಬಸಿದ ಸೂಪನ್ನು ಅಗಲವಾದ ಎರಡು ಮೂರು ಪಾತ್ರೆಗೆ ಹಂಚಿ, ತಣ್ಣೀರು ತುಂಬಿದ ಬೇಸಿನ್‌ನಲ್ಲಿ ಇಡಿ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ಅಲ್ಲಿ ಮೂರು ದಿನ ಇರುತ್ತೆ. ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು. ಒಂದು ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ ಕೊಡಿ. ಇಡೀ ಪಾತ್ರೆಯನ್ನು ದಿನಾ ಬಿಸಿ ಮಾಡಿ ವಾಪಸ್ ಇಡಬೇಡಿ.

ಒಟ್ಟಾರೆ ಇಷ್ಟು: ಮೂಳೆಗೆ ಕುಕ್ಕರ್, ಸಣ್ಣ ಉರಿ, ಒಂದು ಗಂಟೆ. ಸೂಪು ಕುಡಿಸಿ, ಖಂಡಿತಾ ಕುಡಿಸಿ. ಆದ್ರೆ ಲೋಟದ ಪಕ್ಕದಲ್ಲಿ ತಟ್ಟೆಯೂ ಇರಲಿ, ತಟ್ಟೆಯಲ್ಲಿ ಮಾಂಸವೋ ಮೊಟ್ಟೆಯೋ ಮುದ್ದೆಯೋ ಇರಲಿ. ಈ ಸಂಚಿಕೆ ಉಪಯುಕ್ತ ಅನ್ನಿಸಿದ್ರೆ ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ತಿರೋರಿಗೆ ಕಳಿಸಿ.