ಹಳೆಯ ಡೀಸೆಲ್ ಎಂಜಿನ್ನಿನ ಅಚ್ಚು

ಕಲಾದಗಿಯ ಸೀಮೆಯವರಿಗೆ ಅಚ್ಚು ಎಂಬ ಮಾತು ಹೊಸದಲ್ಲ. ಸಂತೆಗೆ ಬಂಡಿ ಹೂಡುವ ಮುನ್ನ ಅಚ್ಚಿಗೆ ಎಣ್ಣೆ ಬಿಟ್ಟು, ಕಡೆಗೀಲನ್ನು ಕೈಯಿಂದ ಅಲುಗಿಸಿ ನೋಡುವುದು ಅಲ್ಲಿಯ ಒಕ್ಕಲಿಗರ ಬಹುಕಾಲದ ವಾಡಿಕೆ. ಆ ಸೀಮೆಗೆ ಕಬ್ಬಿಣದ ದಾರಿ ಬಂದದ್ದು 1884ರಲ್ಲಿ. ಹೋಟಗಿಯಿಂದ ಹೊರಟು ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿನವರೆಗೆ ನಡೆದ ಆ ಮೀಟರ್ ಗೇಜಿನ ದಾರಿಯು, ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯನ್ನೇ ಮುಟ್ಟದೆ ಹೋಯಿತು. ಸುಮಾರು ಅದೇ ಹೊತ್ತಿಗೆ, 1885ರಲ್ಲಿ, ಜಿಲ್ಲೆಯ ಕಚೇರಿಗಳೂ ವಿಜಾಪುರಕ್ಕೆ ಹೊರಟುಹೋದುವು. ಆಮೇಲೆ ಕಲಾದಗಿಯ ಸರಕು ರೈಲು ಕಾಣಬೇಕಾದರೆ ಬಾಗಲಕೋಟೆಯ ನಿಲ್ದಾಣದವರೆಗೆ ಬಂಡಿಯನ್ನೇ ನೆಚ್ಚಬೇಕಾಯಿತು. ಹೀಗೆ ಆ ನಿಲ್ದಾಣದ ಅಂಗಳದಲ್ಲಿ ಎರಡು ಜಾತಿಯ ಅಚ್ಚುಗಳು ಎದುರುಬದುರಾಗಿ ನಿಲ್ಲುತ್ತಿದ್ದುವು. ಅವುಗಳಲ್ಲಿ ಎರಡನೆಯದರ ಸಂಗತಿಯನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇವೆ.

ಅದಕ್ಕೆ ಕಾರಣವುಂಟು. ಆ ದಾರಿಯ ಮೀಟರ್ ಗೇಜು ಈಗಿಲ್ಲ. 21ನೆಯ ಶತಮಾನದ ಮೊದಲ ದಶಕ ಮುಗಿಯುವುದರೊಳಗೆ ಅದೆಲ್ಲವೂ ಬ್ರಾಡ್ ಗೇಜಾಗಿ ಮಾರ್ಪಟ್ಟಿತು. ಉಗಿಯ ಎಂಜಿನ್ನುಗಳನ್ನು ಮನೆಗೆ ಕಳುಹಿಸಿದ ಡೀಸೆಲ್ ಎಂಜಿನ್ನುಗಳಿಗೆ ಈಗ ಅದೇ ಗತಿ ಬಂದಿದೆ. ಅವುಗಳ ಸ್ಥಾನವನ್ನು ವಿದ್ಯುತ್ತು ಆಕ್ರಮಿಸುತ್ತಿದೆ. ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆಯು 2020ರಲ್ಲಿ ತನ್ನ ಹೆಸರಿನಿಂದ ಡೀಸೆಲ್ ಎಂಬ ಮಾತನ್ನೇ ತೆಗೆದುಹಾಕಿತು. ನಿನ್ನೆಯವರೆಗೆ ಹೊಸತೆನಿಸಿದ್ದುದು ಇಂದು ಹಳೆಯದಾಗಿ, ಕಾಪಾಡತಕ್ಕ ವಸ್ತುಗಳ ಸಾಲಿಗೆ ಸೇರಿತು. ಮೈಸೂರಿನಲ್ಲಿ 1979ರಲ್ಲಿಯೂ ಹುಬ್ಬಳ್ಳಿಯಲ್ಲಿ 2020ರಲ್ಲಿಯೂ ರೈಲಿನ ವಸ್ತುಸಂಗ್ರಹಾಲಯಗಳು ತೆರೆದುವು. ಇಂಥ ಸ್ಥಳಗಳಲ್ಲಿ ಎಂಜಿನ್ನಿಗೆ ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸುವುದು ಒಂದು ಬಗೆ. ಅದನ್ನು ಮತ್ತೆ ಓಡಿಸುವುದು ಇನ್ನೊಂದು ಬಗೆ. ಇಂಗ್ಲೆಂಡಿನಲ್ಲಿ ಡೆಲ್ಟಿಕ್ ಎಂಬ ಜಾತಿಯ 22 ಎಂಜಿನ್ನುಗಳ ಪೈಕಿ ಆರನ್ನು ಉಳಿಸಿಕೊಂಡು, ಅವುಗಳಲ್ಲಿ ಕೆಲವನ್ನು ಆಸಕ್ತರು ತಮ್ಮ ಖರ್ಚಿನಿಂದಲೇ ಓಡಿಸುತ್ತ ಬಂದಿದ್ದಾರೆ. ನಮ್ಮಲ್ಲಿಯೂ ಹಾಗೆ ಓಡಿಸಬೇಕೆಂಬ ಆಸೆ ಹಲವರಿಗೆ ಇದೆ. ಆಸೆ ಒಳ್ಳೆಯದೇ. ಆದರೆ ಆ ಆಸೆಗೆ ಅಪ್ಪಣೆ ಕೊಡತಕ್ಕದ್ದು ಅಚ್ಚು.

ಬಂಡಿಯ ಅಚ್ಚಿಗೂ ರೈಲಿನ ಅಚ್ಚಿಗೂ ಇರುವ ಭೇದವನ್ನು ಮೊದಲು ತಿಳಿಯಬೇಕು. ಬಂಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ಅದರ ಮೇಲೆ ಸುತ್ತುತ್ತದೆ. ರೈಲಿನಲ್ಲಿ ಎರಡು ಗಾಲಿಗಳನ್ನೂ ಅಚ್ಚಿಗೆ ಬಿಗಿಯಾಗಿ ಒತ್ತಿ ಕೂರಿಸಿರುವುದರಿಂದ ಮೂರೂ ಒಡಗೂಡಿ ಸುತ್ತುತ್ತವೆ. ಭಾರವು ಗಾಲಿಗಳ ಹೊರಗಡೆ, ಅಚ್ಚಿನ ಎರಡು ತುದಿಗಳ ಮೇಲೆ ಕೂತಿರುತ್ತದೆ. ಆಧಾರವು ಒಳಗಡೆ, ಗಾಲಿಗಳ ಕೆಳಗೆ. ಆದುದರಿಂದ ಅಚ್ಚು ಕಣ್ಣಿಗೆ ಕಾಣದಷ್ಟು ಬಾಗಿ, ಅದರ ಮೇಲ್ಮೈ ಹಿಗ್ಗುತ್ತದೆ, ಅಡಿಯು ಕುಗ್ಗುತ್ತದೆ. ಅರ್ಧ ಸುತ್ತು ತಿರುಗಿದಾಗ ಮೇಲಿದ್ದುದು ಕೆಳಗೆ ಬಂದು, ಹಿಗ್ಗಿದ್ದುದು ಕುಗ್ಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವ ಮಕ್ಕಳಿಗೆ ಈ ತತ್ತ್ವ ಚೆನ್ನಾಗಿ ಗೊತ್ತು.

ಲೆಕ್ಕವನ್ನು ಸ್ವಲ್ಪ ನೋಡೋಣ. ಮೀಟರ್ ಗೇಜಿನಲ್ಲಿ ಹೆಸರಾದ ಡೀಸೆಲ್ ಎಂಜಿನ್ನು ವೈ.ಡಿ.ಎಂ.-4 ಎಂಬುದು. 1960ರ ದಶಕದ ಮೊದಲಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, ಆಮೇಲೆ ವಾರಾಣಸಿಯಲ್ಲಿಯೂ ತಯಾರಾದ ಈ ಎಂಜಿನ್ನಿನ ತೂಕ 72 ಟನ್ನು, ಅಚ್ಚುಗಳು ಆರು, ಒಂದೊಂದು ಅಚ್ಚಿನ ಪಾಲಿಗೆ 12 ಟನ್ನು. ಹೊಸ ಗಾಲಿಯ ಅಡ್ಡಳತೆ 965 ಮಿಲಿಮೀಟರು. ಎಂದರೆ ಒಂದು ಸುತ್ತಿಗೆ ಮೂರು ಮೀಟರಿಗಿಂತ ತುಸು ಹೆಚ್ಚು ದಾರಿ. ಗದಗಿನಿಂದ ಹೋಟಗಿಯವರೆಗಿನ ಸುಮಾರು 280 ಕಿಲೊಮೀಟರನ್ನು ಅಂಥ ಗಾಲಿಯೊಂದು ಒಮ್ಮೆ ಕ್ರಮಿಸಿದರೆ, ಅದರ ಅಚ್ಚು 90,000ಕ್ಕೂ ಮಿಕ್ಕಿ ಸಾರಿ ಹಿಗ್ಗಿ ಕುಗ್ಗುವುದು. ಇಪ್ಪತ್ತು ಮೂವತ್ತು ವರ್ಷಗಳ ಸೇವೆಯಲ್ಲಿ ಇದು ಕೋಟಿಗಳನ್ನು ಮೀರುತ್ತದೆ.

ಉಕ್ಕು ಹೀಗೆ ದಣಿಯುವುದೆಂಬುದನ್ನು ಮನುಷ್ಯನು ಬಹಳ ಬೆಲೆ ತೆತ್ತು ಕಲಿತನು. 1842ರ ಮೇ 8ರಂದು ವರ್ಸೈಲ್ಸಿನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳು ಒಂದರ ಮೇಲೊಂದು ಏರಿ, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನರು ಸತ್ತರು. ಮರುವರ್ಷವೇ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ಎಂಜಿನಿಯರನು, ಅಚ್ಚಿನ ದಪ್ಪವು ಥಟ್ಟನೆ ಬದಲಾಗುವ ಮೂಲೆಗಳಲ್ಲಿಯೇ ಒಡಕು ಹುಟ್ಟುವುದೆಂದು ತೋರಿಸಿದನು. ಆಮೇಲೆ ಜರ್ಮನಿಯ ವೋಲರನು 1870ರವರೆಗೆ ಅನೇಕ ವರ್ಷ ಅಚ್ಚುಗಳನ್ನು ಪರೀಕ್ಷಿಸಿ, ಒಂದು ಮಿತಿಗಿಂತ ಕಡಿಮೆಯ ಎಳೆತವಾದರೆ ಉಕ್ಕು ಎಷ್ಟು ಸುತ್ತಿದರೂ ಮುರಿಯದೆಂಬುದನ್ನು ಕಂಡುಹಿಡಿದನು. ಎಂಜಿನ್ನಿನ ಅಚ್ಚನ್ನು ಈ ಮಿತಿಯ ಒಳಗೇ ಇರುವಂತೆ ರಚಿಸುತ್ತಾರೆ. ಹಾಗಿದ್ದ ಮೇಲೆ ಅದು ಚಿರಾಯುವಾಗಿರಬೇಕಷ್ಟೆ? ಇಲ್ಲಿಯೇ ತೊಡಕು. ಅಚ್ಚಿನ ಮೈಯಲ್ಲಿ ತುಕ್ಕಿನ ಒಂದು ಸಣ್ಣ ಗುಳಿ ಬಿದ್ದರೆ, ಕಲ್ಲು ಸಿಡಿದು ಒಂದು ಗೀರು ಮೂಡಿದರೆ, ಆ ಮಿತಿಯ ಭರವಸೆ ಮುರಿದುಹೋಗುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಇನ್ನೂ ಒಂದು ಹೊರೆ ಇದೆ. ಡೀಸೆಲ್ ಯಂತ್ರವು ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತು ಒಂದೊಂದು ಅಚ್ಚಿಗೂ ಜೋತುಬಿದ್ದಿರುವ ಮೋಟಾರನ್ನು ನಡೆಯಿಸುತ್ತದೆ. ಮೋಟಾರಿನ ಚಿಕ್ಕ ಹಲ್ಲುಗಾಲಿಯು ಅಚ್ಚಿನ ಮೇಲಣ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಮೋಟಾರಿನ ಭಾರದಲ್ಲಿ ಒಂದು ಪಾಲು ಅಚ್ಚಿನ ಮೇಲೆಯೇ ಬೀಳುವುದು. ಹಳೆಯ ರಚನೆಯಲ್ಲಿ ಇವೆರಡರ ನಡುವೆ ಇದ್ದುದು ಕಂಚಿನ ಬೇರಿಂಗು. ಅದಕ್ಕೆ ಎಣ್ಣೆಯನ್ನು ಉಣಿಸುತ್ತಿದ್ದುದು ದೀಪದ ಬತ್ತಿಯ ಹಾಗೆ ಎಣ್ಣೆ ಹೀರುವ ಬಟ್ಟೆಯ ಮೆತ್ತೆ. ಬತ್ತಿ ಒಣಗಿದರೆ ಕಂಚು ಕಾದು ಕರಗಿ, ಅದರಲ್ಲಿಯ ತಾಮ್ರವು ಉಕ್ಕಿನ ಕಣಗಳ ಸಂದುಗಳೊಳಗೆ ಇಳಿಯುವುದು. ಮೇಲೆ ಎಷ್ಟು ಉಜ್ಜಿ ಹೊಳಪಿಸಿದರೂ ಅಂಥ ಅಚ್ಚನ್ನು ನಂಬಲಾಗದು. ಒಮ್ಮೆ ಕಾದುಹೋದ ಅಚ್ಚನ್ನು ನಾವಾದರೆ ಪರೀಕ್ಷೆಗೂ ಕಳುಹಿಸದೆ ತೆಗೆದಿಡುವೆವು.

ಇನ್ನು ಪರೀಕ್ಷೆಯ ಮಾತು. ನಿಲ್ದಾಣದಲ್ಲಿ ರೈಲು ನಿಂತಾಗ ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಲಿಗಳನ್ನು ಟಣ್ ಟಣ್ ಎಂದು ಬಡಿಯುತ್ತ ಹೋಗುತ್ತಿದ್ದವನನ್ನು ಹಿರಿಯ ಕೇಳುಗರು ಮರೆತಿರಲಾರರು. ಕುಂಬಾರನ ಗಡಿಗೆಯನ್ನು ಬಡಿದು ಕೊಳ್ಳುವ ಗೃಹಿಣಿಯ ವಿದ್ಯೆಯೇ ಅದು. ಬಿರುಕುಬಿಟ್ಟ ಗಾಲಿ ಒಡಕು ದನಿ ಕೊಡುತ್ತದೆ. ಆದರೆ ಗಾಲಿಯ ನಾಭಿಯ ಒಳಗೆ ಅಡಗಿದ ಅಚ್ಚಿನ ಒಡಕು ಈ ದನಿಗೆ ಓಗೊಡುವುದಿಲ್ಲ. ದುರ್ದೈವದಿಂದ ಒಡಕು ಹುಟ್ಟಲು ಇಷ್ಟಪಡುವ ಸ್ಥಳವೇ ಅದು. ಬಿಗಿಯಾಗಿ ಕೂತ ನಾಭಿಯ ಅಂಚಿನಲ್ಲಿ ಅಚ್ಚೂ ಗಾಲಿಯೂ ಕೂದಲೆಳೆಗಿಂತ ಕಡಿಮೆಯಾಗಿ ಒಂದನ್ನೊಂದು ತೀಡುತ್ತಿರುತ್ತವೆ. ಆ ತೀಟದಿಂದ ಕೆಂಗಂದು ಹುಡಿಯೊಂದು ಹೊರಬರುವುದು. ಕಣ್ಣಿರುವ ಕೆಲಸಗಾರನು ನಾಭಿಯ ಅಂಚಿನ ಈ ಕೆಂಪು ಗೆರೆಯನ್ನು ಕಂಡೊಡನೆ ಎಂಜಿನ್ನನ್ನು ನಿಲ್ಲಿಸುವನು.

ಹಿಂದೆ ಬಿಡಿಸಿದ ಅಚ್ಚನ್ನು ಎಣ್ಣೆಯಲ್ಲಿ ನೆನೆಸಿ, ಒರಸಿ, ಸುಣ್ಣದ ಪುಡಿ ಬಳಿದು, ಬಡಿದು ನೋಡುತ್ತಿದ್ದರು. ಒಡಕಿನೊಳಗೆ ಉಳಿದ ಎಣ್ಣೆ ಬಿಳಿಯ ಮೇಲೆ ಕರಿಯ ಗೆರೆಯಾಗಿ ಒಸರುತ್ತಿತ್ತು. ಈಗ ಅಚ್ಚನ್ನು ಅಯಸ್ಕಾಂತವಾಗಿ ಮಾಡಿ, ಕಬ್ಬಿಣದ ನುಣ್ಣನೆಯ ಹುಡಿ ಬೆರೆತ ದ್ರವವನ್ನು ಸುರಿಯುತ್ತಾರೆ. ಹುಡಿಯು ಒಡಕಿನ ಬಾಯಿಯಲ್ಲಿ ಸಾಲುಗಟ್ಟುತ್ತದೆ. ಇದು ಹೊರಗೆ ತೆರೆದ ಒಡಕಿಗೆ ಸಾಕು. ಮುಚ್ಚಿದ ಕಡೆಗೆ ಶಬ್ದವೇ ಬೇಕು. ಕಿವಿಗೆ ಕೇಳಿಸದ ಶಬ್ದ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲುದು. ಅಚ್ಚಿನ ತುದಿಯಿಂದ ಒಳಗೆ ಕಳುಹಿಸುವ ನಾದವು ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಕಂಪಿಸುತ್ತದೆ. ಅಮೆರಿಕದ ಫೈರ್‌ಸ್ಟೋನ್ ಎಂಬಾತನು 1940ರ ದಶಕದಲ್ಲಿ ಈ ಬಗೆಯ ಉಪಕರಣವನ್ನು ರೂಢಿಗೆ ತಂದನು. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರು. ಎರಡು ಮೀಟರು ಉದ್ದದ ಅಚ್ಚಿನ ಆ ತುದಿಗೆ ಹೋಗಿ ಮರಳಿ ಬರಲು ಸೆಕೆಂಡಿನ ಸಾವಿರದೊಂದು ಪಾಲೂ ಬೇಡ. ಗೋಳಗುಮ್ಮಟದಲ್ಲಿ ಪ್ರತಿಧ್ವನಿ ಕೇಳಿದವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ದಾರಿಯ ನಡುವೆ ಎಲ್ಲಿಯಾದರೂ ಒಡಕಿದ್ದರೆ, ತುದಿಯ ಪ್ರತಿಧ್ವನಿಗಿಂತ ಮುಂಚೆ ಇನ್ನೊಂದು ಮರುದನಿ ಬರುವುದು.

ಇದನ್ನು ಓದುವುದು ಮಾತ್ರ ಸುಲಭವಲ್ಲ. ಅಚ್ಚಿನ ಪ್ರತಿಯೊಂದು ಮೆಟ್ಟಿಲೂ, ಹಲ್ಲುಗಾಲಿಯ ಬಿಗಿತವೂ ತನ್ನದೇ ಆದ ಮರುದನಿ ಕೊಡುತ್ತದೆ. ಆದುದರಿಂದ ಅದೇ ಅಳತೆಯ ಮಾದರಿಯ ಅಚ್ಚೊಂದರಲ್ಲಿ ಬೇಕೆಂದೇ ಗರಗಸದಿಂದ ಸಣ್ಣ ಕಚ್ಚುಗಳನ್ನು ಮಾಡಿಟ್ಟುಕೊಂಡು, ಉಪಕರಣವನ್ನು ಮೊದಲು ಅದರ ಮೇಲೆ ಹದಗೊಳಿಸಬೇಕು. ಮೀಟರ್ ಗೇಜಿನ ಅಚ್ಚುಗಳೇ ಅಪರೂಪವಾಗಿರುವ ಈಗ, ಇಂಥ ಮಾದರಿಯ ಅಚ್ಚು ಎಂಜಿನ್ನಿಗಿಂತಲೂ ದುರ್ಲಭವಾಗಬಹುದು. ಮಾದರಿಯಿಲ್ಲದೆ ಮಾಡಿದ ಪರೀಕ್ಷೆ ಮನಸ್ಸಿನ ಸಮಾಧಾನಕ್ಕೆ ಮಾತ್ರ.

ಮುರಿದ ಅಚ್ಚಿನ ಮುಖವನ್ನು ನೋಡಿದರೆ ಅದರ ಚರಿತ್ರೆಯೇ ಬರೆದಿರುತ್ತದೆ. ಬೇಸಗೆಯಲ್ಲಿ ಕೃಷ್ಣೆಯ ನೀರು ಇಳಿದಂತೆಲ್ಲ ದಂಡೆಯ ಮೇಲೆ ಒಂದರ ಕೆಳಗೊಂದು ಗೆರೆ ಉಳಿಯುವ ಹಾಗೆ, ಒಡಕು ಹುಟ್ಟಿದ ಬಿಂದುವಿನಿಂದ ಕಮಾನು ಕಮಾನಾಗಿ ನುಣುಪಾದ ಗೆರೆಗಳು ಹರಡಿರುತ್ತವೆ. ಕೊನೆಗೆ ಥಟ್ಟನೆ ಮುರಿದ ಭಾಗ ಮಾತ್ರ ಒರಟಾಗಿ ಮಿನುಗುತ್ತಿರುವುದು. ನುಣುಪಾದ ಭಾಗ ಬೆಳೆಯಲು ತಿಂಗಳುಗಳೇ ಹಿಡಿದಿರಬಹುದು. ಆ ಕಾಲವೆಲ್ಲ ಎಂಜಿನ್ನು ಏನೂ ಆಗದಂತೆ ಓಡುತ್ತಲೇ ಇತ್ತು.

ಅಚ್ಚನ್ನು ಬದಲಿಸಬೇಕಾಯಿತೆನ್ನಿ. ಎಂಜಿನ್ನಿನ ಒಡಲನ್ನು ನಾಲ್ಕು ಜಾಕುಗಳಿಂದ ಎತ್ತಿ ಕೆಳಗಿನ ಬೋಗಿಯನ್ನು ಹೊರಳಿಸಿ ತೆಗೆಯಬೇಕು. ಮೋಟಾರಿನ ತಂತಿ, ಬ್ರೇಕಿನ ಕೊಂಡಿ, ಮರಳಿನ ಕೊಳವೆ, ಹಲ್ಲುಗಾಲಿಯ ಪೆಟ್ಟಿಗೆ, ಇವನ್ನೆಲ್ಲ ಬಿಡಿಸಿದ ಮೇಲೆ ಅಚ್ಚು ಗಾಲಿಗಳೊಡನೆ ಹೊರಬರುವುದು. ಜಲಶಕ್ತಿಯ ಒತ್ತುಯಂತ್ರವು ಹತ್ತಾರು ಟನ್ನುಗಳ ಬಲದಿಂದ ಗಾಲಿಯನ್ನು ಕಳಚುತ್ತದೆ. ಹೊಸ ಅಚ್ಚಿನ ಪೀಠವು ಗಾಲಿಯ ತೂತಿಗಿಂತ ಸ್ಥೂಲವಾಗಿ ಸಾವಿರದಲ್ಲಿ ಒಂದು ಪಾಲು ದಪ್ಪವಾಗಿರಬೇಕು. ಕಡಿಮೆಯಾದರೆ ಗಾಲಿ ಜಾರುವುದು. ಹೆಚ್ಚಾದರೆ ನಾಭಿ ಸೀಳುವುದು. ಒತ್ತುವಾಗ ಬಲವು ಏರಿದ ಬಗೆಯನ್ನು ಕಾಗದದ ಮೇಲೆ ಗೆರೆಯಾಗಿ ದಾಖಲಿಸಿಡುತ್ತಾರೆ. ಗೆರೆ ನಡುವೆ ಕುಸಿದಿದ್ದರೆ ಆ ಜೋಡಣೆಯನ್ನು ಒಪ್ಪತಕ್ಕದ್ದಲ್ಲ. ಹಲ್ಲುಗಾಲಿಯನ್ನಾದರೋ ಕಾಯಿಸಿ, ಹಿಗ್ಗಿಸಿ ತೊಡಿಸುವುದುಂಟು. ನಮ್ಮ ಕಮ್ಮಾರರು ಬಂಡಿಯ ಗಾಲಿಗೆ ಕೆಂಪಗೆ ಕಾದ ಕಬ್ಬಿಣದ ಬಳೆಯನ್ನು ಏರಿಸಿ ನೀರು ಎರೆಯುವ ಕ್ರಮವೇ ಇದು. ಆ ಬಳೆಗೂ ಹಳಿಯೆಂಬ ಹೆಸರು, ರೈಲಿನ ದಾರಿಗೂ ಹಳಿಯೆಂಬ ಹೆಸರು. ಕನ್ನಡಿಗರು ಹೊಸ ಮಾತನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಕೊನೆಗೆ ಎರಡು ಗಾಲಿಗಳ ಒಳಮುಖಗಳ ಅಂತರವನ್ನು ಹಲವು ಕಡೆ ಅಳೆದು, ಮೀಟರ್ ಗೇಜಿಗಾದರೆ 930 ಮಿಲಿಮೀಟರಿಗೆ ಸರಿಹೋಗುವುದೋ ಎಂದು ನೋಡುತ್ತಾರೆ.

ಹೊಸ ಅಚ್ಚು ಎಲ್ಲಿಂದ ಬರಬೇಕು? ಬೆಂಗಳೂರಿನ ಯಲಹಂಕದಲ್ಲಿ 1984ರಲ್ಲಿ ಆರಂಭವಾದ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ನಮ್ಮ ನಾಡಿನದೇ. ಅಲ್ಲಿ ಕೆಂಪಗೆ ಕಾದ ಉಕ್ಕಿನ ದಿಂಡನ್ನು ಯಂತ್ರದ ಸುತ್ತಿಗೆಗಳು ನಾಲ್ಕು ಕಡೆಯಿಂದ ಬಡಿದು ಉದ್ದವಾಗಿ ಎಳೆಯುತ್ತವೆ. ಆದರೆ ಅಂಥ ಕಾರ್ಖಾನೆಯ ಕೆಲಸ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಾವಿರಗಟ್ಟಲೆ ತಯಾರಿಸುವುದು. ಕೈಬಿಟ್ಟ ಜಾತಿಯ ಎಂಜಿನ್ನಿಗಾಗಿ ಒಂದೇ ಒಂದನ್ನು ಮಾಡಿಸುವುದೆಂದರೆ ನಕ್ಷೆ, ಉಕ್ಕು, ಬಡಿತ, ಹದ, ಕಡೆತ, ಪರೀಕ್ಷೆ ಎಲ್ಲಕ್ಕೂ ಬೇರೆ ಬೇರೆಯಾಗಿ ಹಣ ತೆರಬೇಕು. ಬಣ್ಣಕ್ಕೆ ದಾನಿಗಳು ದೊರೆತಷ್ಟು ಸುಲಭವಾಗಿ ಇದಕ್ಕೆ ದೊರೆಯರು. ಅಚ್ಚು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಹಬ್ಬಹರಿದಿನಗಳಲ್ಲಿ ನಾಲ್ಕಾರು ಮೈಲಿ ಮೆಲ್ಲಗೆ ಓಡುವ ಎಂಜಿನ್ನಿಗೆ ಇಷ್ಟು ಕಟ್ಟಳೆ ಏಕೆಂಬುದು ಮೊದಲನೆಯದು. ಸುತ್ತುಗಳು ಕಡಿಮೆಯೆಂಬುದು ನಿಜ. ಆದರೆ 72 ಟನ್ನು ಮೆಲ್ಲಗೆ ಹೋದರೂ 72 ಟನ್ನೇ. ಒಡಕು ಹಿಂದಿನ ಮೂವತ್ತು ವರ್ಷಗಳಲ್ಲಿಯೇ ಹುಟ್ಟಿ ಕಾದು ಕೂತಿರಬಹುದು. ಮೇಲಾಗಿ ನಿಂತ ಎಂಜಿನ್ನು ವಿಶ್ರಾಂತಿಯಲ್ಲಿದೆಯೆಂದು ಭಾವಿಸುವುದು ತಪ್ಪು. ಮಳೆಗಾಲದ ತೇವ ಮೋಟಾರಿನ ಬೇರಿಂಗಿನ ಎಣ್ಣೆಯ ಗುಂಡಿಗೆ ಇಳಿಯುತ್ತದೆ. ಜಿಡ್ಡು ಬೇರೆಯಾಗಿ ಕೆಳಗೆ ಜಾರುತ್ತದೆ. ಅಲುಗದೆ ನಿಂತ ಉರುಳೆಗಳ ಅಡಿಯಲ್ಲಿ ಸಮದೂರದ ತುಕ್ಕಿನ ಗೆರೆಗಳು ಬೀಳುತ್ತವೆ. ತಿಳಿದವರು ನಿಂತ ಎಂಜಿನ್ನನ್ನೂ ಆಗಾಗ ಹತ್ತಾರು ಮೀಟರು ತಳ್ಳಿ, ಎಣ್ಣೆ ಸುತ್ತುವಂತೆ ಮಾಡುವರು.

ಎರಡನೆಯ ಆಕ್ಷೇಪಣೆ ಹೆಚ್ಚು ಗೌರವಕ್ಕೆ ಅರ್ಹವಾದುದು. ಅಚ್ಚನ್ನೇ ಬದಲಿಸಿದ ಮೇಲೆ ಅದು ಆ ಹಳೆಯ ಎಂಜಿನ್ನಾಗಿ ಉಳಿಯಿತೇ ಎಂದು ಕೆಲವರು ಕೇಳುವರು. ಕಟ್ಟೆಯ ಮೇಲೆ ನಿಂತದ್ದಕ್ಕೆ ನಾವೂ ಮೂಲದ ಅಚ್ಚನ್ನೇ ಬಯಸುತ್ತೇವೆ. ಆದರೆ ಜನರನ್ನು ಕೂರಿಸಿಕೊಂಡು ಓಡುವ ಎಂಜಿನ್ನಿನಲ್ಲಿ, ಹಿಂದಿನ ಪರೀಕ್ಷೆಗಳ ಕಾಗದವಿಲ್ಲದ ಅಚ್ಚನ್ನು ಮೂಲದ್ದೆಂಬ ಮರ್ಯಾದೆಗಾಗಿ ಉಳಿಸುವುದು ನಮಗೆ ಒಪ್ಪಿಗೆಯಿಲ್ಲ. ಸೇವೆಯಲ್ಲಿದ್ದಾಗಲೂ ಗಾಲಿ, ಬೇರಿಂಗುಗಳು ಎಷ್ಟೋ ಸಾರಿ ಬದಲಾಗಿಯೇ ಇದ್ದುವು. ತೆಗೆದ ಅಚ್ಚನ್ನು ಗುಜರಿಗೆ ಕೊಡದೆ, ಎಂಜಿನ್ನಿನ ಪಕ್ಕದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿಡಲಿ. ಅದರ ತುದಿಯ ಮುಖದ ಮೇಲೆ ತಯಾರಕರ ಗುರುತು, ಉಕ್ಕಿನ ಪಾಕದ ಸಂಖ್ಯೆ, ತಿಂಗಳು, ಇಸವಿಗಳನ್ನು ಕೊರೆದಿರುತ್ತಾರೆ. ಬಣ್ಣ ಬಳಿಯುವವರು ಸಾಮಾನ್ಯವಾಗಿ ಅದನ್ನೇ ಮೊದಲು ಮುಚ್ಚಿಬಿಡುತ್ತಾರೆ. ಆ ಅಂಗೈಯಗಲದ ಜಾಗವನ್ನು ಬಣ್ಣವಿಲ್ಲದೆ, ತೆಳ್ಳಗೆ ಎಣ್ಣೆ ಸವರಿ ಬಿಡತಕ್ಕದ್ದು.